ಗಣಿತ ಎಂಎಸ್ಸಿ ಮುಗಿಸಿದವರು ಕ್ರಿಪ್ಟಾಲಜಿಯಲ್ಲಿ ಪಿಎಚ್‌ಡಿ ಮಾಡಬಹುದಾ?

ಗಣಿತದಲ್ಲಿ ಎಂಎಸ್ಸಿ ಆಗಿದೆ, ಕೋಡಿಂಗ್ ಅಷ್ಟಾಗಿ ಬರಲ್ಲ, ಕ್ರಿಪ್ಟಾಲಜಿಯಲ್ಲಿ (ಸಂದೇಶಗಳನ್ನು ಗುಟ್ಟಾಗಿಡುವ, ಒಡೆಯುವ ಶಾಸ್ತ್ರ) ಸಂಶೋಧನೆ ಮಾಡೋಕೆ ಕಂಪ್ಯೂಟರ್ ಸೈನ್ಸ್ ಡಿಗ್ರಿ ಬೇಕೇ ಬೇಕಾ ಅಂತ ಕೇಳಿದ್ದೀರಿ. ಬೇಕಿಲ್ಲ. ನಾನೂ ಗಣಿತದಿಂದಲೇ ಈ ಕಡೆ ಬಂದವನು. ಇಲ್ಲಿ ಗಣಿತದವರಿಗೆ ಎಷ್ಟು ಕೆಲಸವಿದೆ ಅನ್ನೋದಕ್ಕೆ ಸೈಕ್ ಎಂಬ ಎನ್‌ಕ್ರಿಪ್ಶನ್ ವಿಧಾನದ ಕಥೆ ಸಾಕು.

ಆರ್‌ಎಸ್‌ಎ ಎಂಬ ಹಳೆಯ ಎನ್‌ಕ್ರಿಪ್ಶನ್ ವಿಧಾನ ನಿಂತಿರುವುದು ದೊಡ್ಡ ಸಂಖ್ಯೆಗಳನ್ನು ಅಪವರ್ತಿಸುವುದು ಕಷ್ಟ ಅನ್ನುವುದರ ಮೇಲೆ. ಕ್ವಾಂಟಮ್ ಕಂಪ್ಯೂಟರ್‌ಗೆ ಅದು ಕಷ್ಟವಲ್ಲ ಎಂದು ಪೀಟರ್ ಶೋರ್ 1994ರಲ್ಲೇ ತೋರಿಸಿದರು. ಹಾಗಾಗಿ ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2016ರಲ್ಲಿ ಕ್ವಾಂಟಮ್ ಕಂಪ್ಯೂಟರ್‌ಗೂ ಬಗ್ಗದ ಹೊಸ ವಿಧಾನಗಳನ್ನು ಆಹ್ವಾನಿಸಿತು. ಬಂದವುಗಳಲ್ಲಿ ಸೈಕ್ ಒಂದು. ಒಂದು ಎಲಿಪ್ಟಿಕ್ ಕರ್ವ್‌ನಿಂದ (ಒಂದು ಬಗೆಯ ಘನ ಸಮೀಕರಣದ ವಕ್ರರೇಖೆ) ಇನ್ನೊಂದಕ್ಕೆ ಹೋಗುವ ದಾರಿಯೇ ಅದರಲ್ಲಿ ಗುಟ್ಟು. ಮೂಲ ಕಲ್ಪನೆ 2011ರದ್ದು. ಹನ್ನೊಂದು ವರ್ಷ ಯಾರ ಕೈಗೂ ಅದು ಬಗ್ಗಲಿಲ್ಲ. 2022ರ ಜುಲೈ ಮೊದಲ ವಾರದಲ್ಲಿ ನಿಸ್ಟ್ ಆಯ್ಕೆಯ ನಾಲ್ಕನೇ ಸುತ್ತಿಗೂ ಹೋಯಿತು. ಅದೇ ತಿಂಗಳ ಕೊನೆಗೆ ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ವೌಟರ್ ಕಾಸ್ಟ್ರಿಕ್ ಮತ್ತು ಥಾಮಸ್ ಡೆಕ್ರು ಅದನ್ನು ಒಡೆದುಬಿಟ್ಟರು. ಸೈಕ್‌ನ ಚಿಕ್ಕ ಆವೃತ್ತಿಗೆ ಕಂಪ್ಯೂಟರ್‌ನ ಒಂದೇ ಕೋರ್‌ನಲ್ಲಿ ಸುಮಾರು ಒಂದು ಗಂಟೆ ಹಿಡಿಯಿತು, ಅಷ್ಟೇ!

ಅವರ ಕೈಯಲ್ಲಿದ್ದ ಆಯುಧ ಅರ್ನ್ಸ್ಟ್ ಕಾನಿ ಎಂಬ ಗಣಿತಜ್ಞರ 1997ರ ಒಂದು ಪ್ರಮೇಯ. ಅದು ಶುದ್ಧ ಬೀಜಗಣಿತೀಯ ಜ್ಯಾಮಿತಿ. ಸೈಕ್‌ನಲ್ಲಿ ಎರಡೂ ಕಡೆಯವರ ಕೀ (ಗುಪ್ತ ಕೀಲಿ) ಒಂದೇ ಆಗಬೇಕಾದರೆ, ಗುಟ್ಟಿನ ದಾರಿಯಲ್ಲಿ ಕೆಲವು ಬಿಂದುಗಳು ಎಲ್ಲಿಗೆ ಹೋಗಿ ನಿಂತವು ಎಂದು ಬಹಿರಂಗವಾಗಿ ಹೇಳಲೇಬೇಕಿತ್ತು. ಅದರಿಂದ ಅಪಾಯ ಇರಬಹುದು ಅನ್ನುವ ಅನುಮಾನ ಮೊದಲಿಂದಲೂ ಇತ್ತು. ಎರಡು ಕರ್ವ್‌ಗಳನ್ನು ಜೋಡಿಸಿ ಎರಡು ಆಯಾಮದಲ್ಲಿ ನೋಡಿದಾಗ ಆ ಬಿಂದುಗಳೇ ಗುಟ್ಟನ್ನು ಬಿಟ್ಟುಕೊಟ್ಟವು. ನನಗೆ ಇದಕ್ಕಿಂತ ಹಿಡಿಸಿದ್ದು ಮುಂದಿನದು. ಅದೇ ಉಪಾಯ ಈಗ ಹೊಸ ವಿಧಾನ ಕಟ್ಟುವುದಕ್ಕೂ ಬಳಕೆಯಾಗುತ್ತಿದೆ. ಸ್ಕೀಸೈನ್ ಎಂಬ ಡಿಜಿಟಲ್ ಸಹಿ ವಿಧಾನ ಅದರಿಂದಲೇ ವೇಗವಾಯಿತು.

ಹಾಗಂತ ನೀವು ಇಲ್ಲಿಂದಲೇ ಶುರು ಮಾಡಬೇಡಿ. ನನ್ನ ಸಲಹೆ ಲ್ಯಾಟಿಸ್, ಅಂದರೆ ಒಂದೇ ಕ್ರಮದಲ್ಲಿ ಹರಡಿದ ಬಿಂದುಗಳ ಜಾಲ. 2024ರ ಆಗಸ್ಟ್‌ನಲ್ಲಿ ನಿಸ್ಟ್ ಹೊರತಂದ ಮೂರು ಮಾನದಂಡಗಳಲ್ಲಿ ಎರಡು ಲ್ಯಾಟಿಸ್ ಮೇಲೆಯೇ ನಿಂತಿವೆ. ಲೀನಿಯರ್ ಆಲ್ಜೀಬ್ರಾ, ಸಂಭವನೀಯತೆ ಗಟ್ಟಿಯಿದ್ದರೆ ಲ್ಯಾಟಿಸ್ ಕುರಿತ ಒಡೆಡ್ ರೆಗೆವ್ ಅವರ 2005ರ ಪ್ರಬಂಧ ಹಿಡಿಯಬಹುದು. ನಿಧಾನಕ್ಕೆ ಓದಿ. ಗಣಿತದವರು ನಂಬರ್ ಥಿಯರಿ, ಗ್ರೂಪ್ ಥಿಯರಿ ಅಂತ ತಯಾರಾಗುತ್ತಾರೆ, ಸಂಭವನೀಯತೆಯನ್ನು ಮಾತ್ರ ಬಿಟ್ಟಿರುತ್ತಾರೆ. ಇಲ್ಲಿ ಭದ್ರತೆ ಅನ್ನುವುದರ ವ್ಯಾಖ್ಯೆಯೇ ಅದರಲ್ಲಿದೆ. ಎರಡು ಸಂದೇಶಗಳಲ್ಲಿ ಯಾವುದನ್ನು ಎನ್‌ಕ್ರಿಪ್ಟ್ ಮಾಡಿದ್ದು ಎಂದು ಕೇಳಿದರೆ, ಸುಮ್ನೆ ಊಹಿಸಿ ಹೇಳುವವನಿಗಿಂತ ಶತ್ರುವಿಗೆ ಲೆಕ್ಕಕ್ಕೆ ಬರುವಷ್ಟು ಜಾಸ್ತಿ ಗೆಲುವು ಸಿಗಬಾರದು. ಅದನ್ನು ಸಾಧಿಸಿ ತೋರಿಸುವುದೇ ಅರ್ಧ ಕೆಲಸ.

ಕೋಡಿಂಗ್‌ಗೆ ಪೈಥಾನ್ ಮತ್ತು ಉಚಿತವಾಗಿ ಸಿಗುವ ಸೇಜ್‌ಮ್ಯಾತ್ ಎಂಬ ಗಣಿತ ತಂತ್ರಾಂಶ ಕಲಿಯಿರಿ. ಚಿಕ್ಕ ಸಂಖ್ಯೆಗಳಲ್ಲಿ ದಾಳಿ ಮಾಡಿ ನೋಡುವಷ್ಟು ಬಂದರೆ ಶುರುವಿಗೆ ಸಾಕು.

ಸ್ಥಳಗಳ ವಿಚಾರ. ಕೋಲ್ಕತ್ತದ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಕ್ರಿಪ್ಟಾಲಜಿ ಮತ್ತು ಸೆಕ್ಯುರಿಟಿಯಲ್ಲೇ ಎಂ.ಟೆಕ್ ಇದೆ. ನೇರ ಪಿಎಚ್‌ಡಿಗೆ ಹಾರುವ ಧೈರ್ಯ ಇಲ್ಲದಿದ್ದರೆ ಅದು ಒಳ್ಳೆಯ ದಾರಿ. ಬೆಂಗಳೂರಿನ ಐಐಎಸ್ಸಿಯ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಗಟ್ಟಿ ತಂಡವಿದೆ. ಮದ್ರಾಸ್, ಖರಗ್‌ಪುರ, ಬಾಂಬೆ ಐಐಟಿಗಳಲ್ಲೂ ಇದ್ದಾರೆ. ಗೇಟ್, ನೆಟ್ ಅರ್ಹತೆಯನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಹೊರದೇಶದ ಪಿಎಚ್‌ಡಿ ಹುದ್ದೆಗಳು ಅಂತರರಾಷ್ಟ್ರೀಯ ಕ್ರಿಪ್ಟಾಲಜಿ ಸಂಘದ ಜಾಲತಾಣದಲ್ಲಿ ಬರುತ್ತವೆ.

ಗೈಡ್‌ಗೆ ಮೇಲ್ ಹಾಕುವ ಮೊದಲು ಅವರ ಒಂದು ಇತ್ತೀಚಿನ ಪ್ರಬಂಧವನ್ನಾದರೂ ಓದಿ. ಅದೇ ಸಂಘದ ಇಪ್ರಿಂಟ್ ಸಂಗ್ರಹದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಯಾವ ಸಾಲು ಅರ್ಥವಾಗಲಿಲ್ಲ ಅಂತ ಬರೆದು ಕೇಳಿದರೂ ಪರವಾಗಿಲ್ಲ. ಎಲ್ಲರಿಗೂ ಒಂದೇ ಥರ ಕಳಿಸಿದ ಮೇಲ್‌ಗಿಂತ ಅದಕ್ಕೆ ಉತ್ತರ ಬರುವ ಸಾಧ್ಯತೆ ಜಾಸ್ತಿ.