ಗಂಡಕಿಯ ಒಡಲಲ್ಲಿ ಹುಟ್ಟಿದ ಶಿಲೆ

ಮಾನ್ಯರೇ,

ಅಜ್ಜನ ಕಾಲದಿಂದ ನಿಮ್ಮ ಮನೆಯಲ್ಲಿ ಪೂಜೆಗೊಳ್ಳುತ್ತಿರುವ ಸಾಲಿಗ್ರಾಮವು ಕಡಲಜೀವಿಯ ಪಳೆಯುಳಿಕೆಯೆಂದು ಕಾಲೇಜಿನಲ್ಲಿ ಓದುವ ಮಗಳು ಹೇಳಿದಳೆಂದೂ, ಹಾಗಿದ್ದರೆ ಗಂಡಕಿ ನದಿಯ ಪಾವಿತ್ರ್ಯಕ್ಕೆ ಆಧಾರವೇನೆಂದೂ ಕಳವಳದಿಂದ ಬರೆದಿದ್ದೀರಿ. ಅಂತರ್ಜಾಲದಲ್ಲಿ ಮಾರಾಟಕ್ಕಿರುವ ಇನ್ನೊಂದನ್ನು ಕೊಳ್ಳಬಹುದೇ ಎಂದೂ ಕೇಳಿದ್ದೀರಿ.

ನಿಮ್ಮ ಮಗಳ ಮಾತು ನಿಜ. ಹಿಮಾಲಯ ಮೇಲೇಳುವ ಮೊದಲು ಅಲ್ಲಿದ್ದ ಟೆಥಿಸ್ ಸಮುದ್ರದ ತಳದ ಕೆಸರು ಕಾಲಾಂತರದಲ್ಲಿ ಕರಿಯ ಪದರಗಲ್ಲಾಗಿ, ಅದರಲ್ಲಿ ಹೂತುಹೋದ ಅಮೋನೈಟ್ ಎಂಬ ಸುರುಳಿಚಿಪ್ಪಿನ ಜೀವಿಗಳ ಅಚ್ಚು ಉಳಿಯಿತು. ನೇಪಾಳದ ಮುಸ್ತಾಂಗ್ ಸೀಮೆಯಿಂದ ಇಳಿದು, 8,000 ಮೀಟರಿಗೂ ಎತ್ತರವಾದ ಧವಳಗಿರಿ ಮತ್ತು ಅನ್ನಪೂರ್ಣ ಶಿಖರಗಳ ನಡುವೆ ಹರಿಯುವ ಕಾಳಿ ಗಂಡಕಿಯು (ಗಂಡಕಿಗೆ ಮೇಲ್ಕಣಿವೆಯಲ್ಲಿರುವ ಹೆಸರು) ಆ ಕಲ್ಲುಗಳನ್ನು ಉರುಳಿಸಿ, ನಯಗೊಳಿಸಿ ದಡಕ್ಕೆ ತರುತ್ತದೆ. ಬಾಯಿ ತೆರೆದ ಸಾಲಿಗ್ರಾಮವನ್ನು ಬೆಳಕಿಗೆ ಹಿಡಿದರೆ ಒಳಗೋಡೆಯಲ್ಲಿ ಏಣೇಣಾದ ಸುರುಳಿ ಕಾಣುತ್ತದೆ. ಹಿರಿಯರು ಅದನ್ನೇ ಚಕ್ರವೆಂದು ಕರೆದು, ಅದರ ಸಂಖ್ಯೆ ಮತ್ತು ಸ್ಥಾನಗಳಿಂದ ಲಕ್ಷ್ಮೀನಾರಾಯಣ, ನರಸಿಂಹ, ಸುದರ್ಶನ ಎಂದು ಗುರುತಿಸಿದರು. ಈ ಚಕ್ರಗಳನ್ನು ವಜ್ರಕೀಟಗಳು ಕೊರೆದವೆಂದು ಪುರಾಣಗಳು ಹೇಳುವುದರಿಂದ, ಶಿಲೆಗೆ ಜೀವಿಯ ನಂಟಿದೆಯೆಂಬ ಮಾತು ನಮ್ಮ ಪರಂಪರೆಗೂ ಹೊಸದಲ್ಲ.

ನನ್ನ ಮಟ್ಟಿಗೆ ಇಲ್ಲಿ ಮುಖ್ಯವಾದುದು ನದಿ. ವಿಷ್ಣುವೇ ತನ್ನ ಗರ್ಭದಲ್ಲಿ ನೆಲೆಸಬೇಕೆಂದು ಗಂಡಕಿ ತಪಸ್ಸು ಮಾಡಿ ವರ ಪಡೆದಳೆಂದು ವರಾಹ ಪುರಾಣ ಹೇಳುತ್ತದೆ. ದೇವೀಭಾಗವತದಲ್ಲಾದರೋ, ವಿಷ್ಣುವಿಗೆ ಶಿಲೆಯಾಗೆಂದು ಶಪಿಸಿದ ತುಳಸಿಯ ದೇಹ ಗಂಡಕಿ ನದಿಯಾಗಿ, ಕೇಶ ತುಳಸೀಗಿಡವಾಯಿತು. ಎಂದರೆ ನೀವು ದಿನವೂ ಅರ್ಪಿಸುವ ದಳವೂ ಆ ಶಿಲೆಯನ್ನು ಹೊತ್ತ ನದಿಯೂ ಒಬ್ಬಳದೇ ಎರಡು ರೂಪಗಳು. ಈ ನದಿಯಲ್ಲಿ ಹುಟ್ಟಿತೆಂಬ ಒಂದೇ ಕಾರಣದಿಂದ ಸಾಲಿಗ್ರಾಮಕ್ಕೆ ಪ್ರಾಣಪ್ರತಿಷ್ಠೆ ಬೇಕಿಲ್ಲ, ಉಳಿಯ ಪೆಟ್ಟೂ ಬೇಕಿಲ್ಲ. ಉಡುಪಿಯ ಮಠಗಳಿಂದ ಹಿಡಿದು ಸಾಮಾನ್ಯ ಮಾಧ್ವ ಮನೆಗಳವರೆಗೆ ಅದರ ಅಭಿಷೇಕದ ನೀರೇ ತೀರ್ಥ.

ನದಿಯ ಮೇಲ್ಕಣಿವೆಯ ಮುಕ್ತಿನಾಥದಲ್ಲಿ 108 ಧಾರೆಗಳ ಕೆಳಗೆ ವೈಷ್ಣವರು ಮೀಯುತ್ತಾರೆ. ಆ ಕ್ಷೇತ್ರ ಬೌದ್ಧರಿಗೂ ಪವಿತ್ರವಾದುದು. ಕೆಳಗೆ ನಾರಾಯಣಿಯೆನಿಸಿ ಬಿಹಾರಕ್ಕೆ ಬಂದು, ಗಜೇಂದ್ರ ಮೋಕ್ಷದ ಸ್ಥಳವೆಂದು ನಂಬಲಾದ ಸೋನ್‌ಪುರದ ಬಳಿ ಅವಳು ಗಂಗೆಯನ್ನು ಸೇರುತ್ತಾಳೆ.

ಕೊಳ್ಳುವ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟವಾಗಿದೆ: ಬೇಡ. ಸಾಲಿಗ್ರಾಮಕ್ಕೆ ಬೆಲೆ ಕಟ್ಟುವುದನ್ನು ನಮ್ಮ ಸಂಪ್ರದಾಯ ದೋಷವೆಂದೇ ಎಣಿಸಿದೆ. ಮೇಲಾಗಿ ಯಂತ್ರದಿಂದ ಚಕ್ರ ಕೊರೆದ ಕಲ್ಲುಗಳೂ ಅಂತರ್ಜಾಲದಲ್ಲಿ ಮಾರಾಟವಾಗುತ್ತವೆ. ಇನ್ನೊಂದು ಬೇಕೇ ಬೇಕೆನಿಸಿದರೆ, ಪೂಜೆ ನಡೆಸಲಾಗದೆ ಯೋಗ್ಯರಿಗೆ ಒಪ್ಪಿಸಲು ಕಾಯುತ್ತಿರುವ ಹಿರಿಯರ ಮನೆಗಳು ನಿಮ್ಮ ಊರಿನಲ್ಲೇ ಇದ್ದಾವು, ವಿಚಾರಿಸಿ ನೋಡಿ.

— ಸಂಪಾದಕ