ಶುಕ್ರವಾರದ ಬಿಯರ್‌ಗೆ ಎಷ್ಟು ಅಂಕ ಹಾಕಬೇಕು?

ತಮ್ಮಾ,

ನಿನ್ನ ಪತ್ರ ಓದಿದೆ. ಜರ್ಮನಿಯ ಮ್ಯೂನಿಕ್‌ಗೆ ಬಂದು ಇನ್ನೂ ಪೆಟ್ಟಿಗೆ ಪೂರ್ತಿ ಬಿಚ್ಚಿಲ್ಲ, ಅಷ್ಟರಲ್ಲೇ ಆಫೀಸಿನವರು ಬಿಯರ್ ರುಚಿ ನೋಡಲು ಕರೆದಿದ್ದಾರೆ. ಜೊತೆಗೆ ಕೆಲಸ ಮಾಡುವವನೊಬ್ಬನ ಅಣ್ಣ ಊರ ಹೊರಗೆ ಬಿಯರ್ ಮಾಡುವ ಸಣ್ಣ ಬ್ರೂವರಿ ಇಟ್ಟಿದ್ದಾನೆ. ಈ ಸಲದ ಶರತ್ಕಾಲದ ಲಾಗರ್, ಅಂದರೆ ತಂಪಿನಲ್ಲಿ ನಿಧಾನಕ್ಕೆ ಹುದುಗಿಸಿದ ಬಿಯರ್, ತಯಾರಾಗಿದೆ. ಶುಕ್ರವಾರ ಆರೇಳು ಜನ ಕೂತು ಅಂಕ ಹಾಕಬೇಕು. ನೀನು ಕೇಳಿದ್ದು ಮೂರು ಮಾತು. ಹೋಗದಿದ್ದರೆ ಬೇಜಾರು ಮಾಡಿಕೊಳ್ಳುತ್ತಾರಾ? ಹೋದರೆ ಹಾಳೆಯಲ್ಲಿ ಏನಂತ ಬರೆಯುವುದು? ಬ್ಯಾಡಗಿಯಲ್ಲಿ ಅಪ್ಪನಿಗೆ ಗೊತ್ತಾದರೆ ಏನು ಗತಿ?

ಮೂರನೆಯದನ್ನು ಮೊದಲು ಮುಗಿಸಿಬಿಡೋಣ. ನಾನು ದಸರೆಗೆ ಧಾರವಾಡಕ್ಕೆ ಬಂದಿದ್ದೇನೆ, ಮಾಳಮಡ್ಡಿಯ ಮನೆಯಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ. ನಾನು ಬಿಯರ್ ರುಚಿ ನೋಡುತ್ತೇನೆ ಅನ್ನುವುದು ಅವ್ವನಿಗೆ ಗೊತ್ತು. "ಕುಡಿಯೋದಂತೂ ಕುಡಿತಿ, ಮ್ಯಾಲೆ ಅದಕ್ಕ ಮಾರ್ಕ್ಸ್ ಬ್ಯಾರೆ ಹಾಕ್ತಿ" ಅಂತ ಒಮ್ಮೆ ಬೈದಳು. ಅಲ್ಲಿಗೆ ಮುಗಿಯಿತು. ನಿಮ್ಮ ಅಪ್ಪನ ಸ್ವಭಾವ ನಿನಗೇ ಗೊತ್ತು, ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಲೋಟ ಹಿಡಿದ ಫೋಟೋ ಮಾತ್ರ ಊರ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡ.

ಹೋಗದಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. "ನಾನು ಕುಡಿಯುವುದಿಲ್ಲ" ಅಂತ ಒಂದು ಸಲ ಹೇಳಿದರೆ ಸಾಕು. ನಮ್ಮಲ್ಲಿ ಹೋಳಿಗೆ ಬಡಿಸುವವರ ಹಾಗೆ "ಇನ್ನೊಂದು, ಇನ್ನೊಂದೇ ಒಂದು" ಅಂತ ಯಾರೂ ಬೆನ್ನು ಹತ್ತುವುದಿಲ್ಲ. ಹೋಗಿ ಕೂತು ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದನ್ನು ಕುಡಿದರೂ ನಡೆಯುತ್ತದೆ. ಆಲ್ಕೋಹಾಲ್ ಇಲ್ಲದ ಬಿಯರ್ ಕೂಡ ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಹಾಗೆ ಬರೆದಿದ್ದರಲ್ಲೂ ಶೇಕಡ 0.5ರವರೆಗೆ ಆಲ್ಕೋಹಾಲ್ ಇರಬಹುದು, ಪೂರ್ತಿ ಬೇಡ ಅನ್ನುವವರು ಬಾಟಲಿ ನೋಡಿ ತಗೊಳ್ಳಬೇಕು.

ಆದರೆ ನಿನಗೆ ಹೋಗುವ ಮನಸ್ಸಿದೆ, ಅಲ್ವಾ? ಪತ್ರದಲ್ಲಿ ಅರ್ಧ ಪುಟ ಬರೀ ಆ ಅಂಕದ ಹಾಳೆಯ ಬಗ್ಗೆಯೇ ಇದೆ. "ನಾನು ಹುಬ್ಬಳ್ಳಿಯಲ್ಲಿ ಗೆಳೆಯರ ಜೊತೆ ಒಂದೆರಡು ಸಲ ಕುಡಿದವನು, ನನಗೇನು ತಿಳಿಯುತ್ತದೆ" ಅಂತ ಬರೆದಿದ್ದೀಯ. ಮೆಣಸಿನಕಾಯಿ ಪೇಟೆಯಲ್ಲಿ ಬೆಳೆದ ಹುಡುಗ ಇದನ್ನು ಹೇಳಬಾರದು. ಬ್ಯಾಡಗಿ ಮೆಣಸಿನಕಾಯಿಯನ್ನು ಯಾರಾದರೂ ಖಾರದ ಮೇಲೆ ಕೊಳ್ಳುತ್ತಾರಾ? ಕಡ್ಡಿ ತಳಿ ಇರಲಿ, ಡಬ್ಬಿ ತಳಿ ಇರಲಿ, ಚೀಲಕ್ಕೆ ಕೈ ಹಾಕಿ ಬಣ್ಣ ನೋಡುತ್ತಾರೆ, ಮುರಿಯುತ್ತಾರೆ, ಮೂಸುತ್ತಾರೆ, ಆಮೇಲೆ ದರ ಹೇಳುತ್ತಾರೆ. ಈ ಲಾಗರ್‌ಗೂ ಅದೇ ದಾರಿ. ನಶೆ ಎಷ್ಟು ಏರುತ್ತದೆ ಅನ್ನುವುದಕ್ಕೆ ಇಲ್ಲಿ ಅಂಕವೇ ಇಲ್ಲ.

ಮೊದಲು ಆ ಬಿಯರ್ ಏನು ಅಂತ ತಿಳಿದುಕೋ. ಅದಕ್ಕೆ ಮೇರ್ಟ್ಸನ್ ಅನ್ನುತ್ತಾರೆ, ಅಂದರೆ ಮಾರ್ಚ್ ತಿಂಗಳದ್ದು. ಮ್ಯೂನಿಕ್ ಇರುವ ಬವೇರಿಯಾದಲ್ಲಿ 1553ರ ಕಾನೂನಿನ ಪ್ರಕಾರ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ಮಾಡುವ ಹಾಗಿರಲಿಲ್ಲ. ಬೇಸಿಗೆಯ ಬಿಸಿಗೆ ಹುಳಿಯಾಗಿ ಕೆಡುತ್ತಿತ್ತು. ಹಾಗಾಗಿ ಮಾರ್ಚ್‌ನಲ್ಲಿ ಸ್ವಲ್ಪ ಗಟ್ಟಿಯಾದ ಬಿಯರ್ ಮಾಡಿ, ನೆಲಮಾಳಿಗೆಯ ತಂಪಿನಲ್ಲಿ ಇಟ್ಟು, ಶರತ್ಕಾಲದವರೆಗೆ ಕುಡಿಯುತ್ತಿದ್ದರು. ಆ ನೆಲಮಾಳಿಗೆಯ ಮೇಲೆ ನೆರಳಿಗೆ ಚೆಸ್ಟ್‌ನಟ್ ಮರ ಹಚ್ಚುತ್ತಿದ್ದರು. ಈಗ ನೀನು ನೋಡುವ ಬಿಯರ್ ಗಾರ್ಡನ್‌ಗಳ ಮರಗಳ ಮೂಲ ಅದು. (ಹಳೆಯ ಪದ್ಧತಿಯ ಬಿಯರ್ ಗಾರ್ಡನ್‌ಗೆ ಮನೆಯಿಂದ ಊಟ ಕಟ್ಟಿಕೊಂಡು ಹೋಗಬಹುದು, ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿಕೊಂಡು ಕೂತರೆ ಯಾರೂ ಏಳು ಅನ್ನುವುದಿಲ್ಲ.) 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆಯ ತಂಪು ಮಾಡುವ ಯಂತ್ರ ಬಂದ ಮೇಲೆ ಬೇಸಿಗೆಗೆ ಹೆದರಬೇಕಾಗಲಿಲ್ಲ. ಆದರೂ ಬಿಯರ್ ಉಳಿಯಿತು.

ಒಂದು ಗೊಂದಲ ಈಗಲೇ ಬಿಡಿಸಿಕೋ. ಮ್ಯೂನಿಕ್‌ನ ಬಿಯರ್ ಜಾತ್ರೆ ಅಕ್ಟೋಬರ್‌ಫೆಸ್ಟ್‌ನ ಡೇರೆಯಲ್ಲಿ ಒಂದು ಲೀಟರಿನ ಮಗ್ಗಿನಲ್ಲಿ ಕೊಡುವುದು ಈಗ ತಿಳಿ ಬಂಗಾರದ ಬಣ್ಣದ್ದು, ಹಗುರ ರುಚಿಯದ್ದು. ಅದನ್ನು ಮ್ಯೂನಿಕ್‌ನ ಆರು ದೊಡ್ಡ ಬ್ರೂವರಿಗಳಷ್ಟೇ ಒದಗಿಸುತ್ತವೆ. 1872ರಲ್ಲಿ ಆ ಜಾತ್ರೆಗೆ ಬಂದ ಮೇರ್ಟ್ಸನ್ ಕಂದು ಕೆಂಪಿನದು. ಸಣ್ಣ ಬ್ರೂವರಿಯವರು ಈಗ ಅಭಿಮಾನದಿಂದ ಮಾಡುವುದು ಸಾಮಾನ್ಯವಾಗಿ ಈ ಹಳೆಯದನ್ನೇ. ಡೇರೆಯಲ್ಲಿ ಕುಡಿದದ್ದು ತಲೆಯಲ್ಲಿಟ್ಟುಕೊಂಡು "ಇದು ಕಪ್ಪಾಗಿದೆ" ಅಂತ ಅಂಕ ಕಡಿಮೆ ಮಾಡಿದರೆ ಅದು ಅನ್ಯಾಯ. ಯಾವುದನ್ನು ಮಾಡಲು ಹೊರಟಿದ್ದ ಅಂತ ಆ ಅಣ್ಣನನ್ನೇ ಮೊದಲು ಕೇಳು.

ಇನ್ನು ಹಾಳೆ. ನೀನು ವಿವರಿಸಿದ್ದನ್ನು ನೋಡಿದರೆ ಅದು ಬಿಜೆಸಿಪಿಯ ಹಾಳೆ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ತೀರ್ಪುಗಾರರ ಸಂಸ್ಥೆ ಅದು. ಒಟ್ಟು 50 ಅಂಕ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಹೇಗನಿಸುತ್ತದೆ ಅನ್ನುವುದಕ್ಕೆ 5, ಒಟ್ಟಾರೆಗೆ 10. ನೋಟಕ್ಕೆ ಬರೀ ಮೂರೇ ಅನ್ನುವುದನ್ನು ಗಮನಿಸು. ಹೊಸಬರು ಬಣ್ಣ ನೊರೆ ಅಂತ ಅರ್ಧ ಹಾಳೆ ತುಂಬಿಸಿ, ಪರಿಮಳದ ಜಾಗದಲ್ಲಿ "ಛಲೋ ಇದೆ" ಅಂತ ಬರೆದು ಬಿಡುತ್ತಾರೆ.

ಆ ದಿನ ಮಧ್ಯಾಹ್ನ ಚಟ್ನಿಪುಡಿ, ಉಪ್ಪಿನಕಾಯಿ ಬೇಡ. ಖಾರ ಹತ್ತಿದ ನಾಲಿಗೆಗೆ ಬಿಯರಿನ ಗ್ಯಾಸೇ ಚುಚ್ಚುತ್ತದೆ, ಕಹಿ ಎರಡು ಪಟ್ಟು ಅನಿಸುತ್ತದೆ. ಸೆಂಟೂ ಹಾಕಿಕೊಳ್ಳಬೇಡ, ಪಕ್ಕದವರ ಮೂಗು ಹಾಳಾಗುತ್ತದೆ. ಬಾಟಲಿ ಫ್ರಿಜ್‌ನಿಂದ ಬಂದ ಕೂಡಲೇ ಕುಡಿಯಬೇಡ. ನಮ್ಮಲ್ಲಿ ಬಿಯರ್ ಅಂದರೆ ಹಲ್ಲು ಜುಮ್ಮೆನ್ನುವಷ್ಟು ತಂಪಿರಬೇಕು ಅಂತ ರೂಢಿ. ಅಷ್ಟು ತಂಪಿನಲ್ಲಿ ಒಳ್ಳೆಯದೂ ಗೊತ್ತಾಗುವುದಿಲ್ಲ, ಕೆಟ್ಟದ್ದೂ ಗೊತ್ತಾಗುವುದಿಲ್ಲ. ಎಂಟು ಹತ್ತು ಡಿಗ್ರಿಗೆ ಬರಲಿ.

ಲೋಟಕ್ಕೆ ಸುರಿದ ಕೂಡಲೇ ಮೂಸು. ಮಾತಾಡುತ್ತ ಕೂರಬೇಡ, ಕೆಲವು ವಾಸನೆ ಒಂದು ನಿಮಿಷದಲ್ಲಿ ಹಾರಿಹೋಗುತ್ತವೆ. ಲೋಟದ ಬಾಯಿಗೆ ಅಂಗೈ ಮುಚ್ಚು, ಎರಡು ಸುತ್ತು ತಿರುಗಿಸು, ಕೈ ತೆಗೆದು ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಮೂಸು. ಉದ್ದಕ್ಕೆ ಎಳೆದರೆ ಮೂಗು ಬೇಗ ದಣಿಯುತ್ತದೆ. ಏನು ಬರಬೇಕು? ಬಾರ್ಲಿಯನ್ನು ಮೊಳಕೆ ಬರಿಸಿ, ಸಾಮಾನ್ಯ ಬಿಯರಿನ ಮಾಲ್ಟ್‌ಗಿಂತ ಜಾಸ್ತಿ ಬಿಸಿಯಲ್ಲಿ ಒಣಗಿಸಿದ ಮ್ಯೂನಿಕ್ ಮಾಲ್ಟ್, ಅದರ ಜೊತೆ ವಿಯೆನ್ನಾ ಮಾಲ್ಟ್, ಈ ಎರಡರ ಪರಿಮಳ ಮುಂದೆ ಬರಬೇಕು. ಅಲ್ಲಿನವರು ಬ್ರೆಡ್ಡಿನ ಮೇಲಿನ ಕಂದು ಪದರ ಅನ್ನುತ್ತಾರೆ. ನನ್ನ ಮೂಗಿಗೆ ಹೆಂಚಿನ ಮೇಲೆ ಜೋಳದ ರೊಟ್ಟಿಯ ಅಂಚು ಕೆಂಪಾಗುವ ಹೊತ್ತಿನ ವಾಸನೆ ಬರುತ್ತದೆ, ಹಾಳೆಯಲ್ಲಿ ಹಾಗೇ ಬರೆಯುತ್ತೇನೆ. ಒಮ್ಮೆ ಒಬ್ಬ ಬ್ರೂವರ್ ಅದು ಎಂಥ ರೊಟ್ಟಿ ಅಂತ ಕೇಳಿದ, ವಿವರಿಸಿದೆ, ತಲೆ ಆಡಿಸಿ ಬರೆದುಕೊಂಡ. ನೀನೂ ನಿನ್ನ ಮೂಗಿಗೆ ಬಂದದ್ದನ್ನೇ ಬರೆ. ಪಕ್ಕದವನ ಹಾಳೆ ನೋಡಿ "ಹೂವಿನ ಪರಿಮಳ" ಅಂತ ಬರೆದರೆ ಯಾರಿಗೂ ಉಪಯೋಗ ಇಲ್ಲ.

ಈಗ ನಮ್ಮ ಕಡೆಯವರು ಬೀಳುವ ಒಂದು ಗುಂಡಿ ಹೇಳುತ್ತೇನೆ. ಬೆಣ್ಣೆ. ಲಾಗರ್‌ನಲ್ಲಿ ಬೆಣ್ಣೆಯ ವಾಸನೆ ಬಂದರೆ ಅದು ದೋಷ. ಡಯಾಸಿಟೈಲ್ ಅನ್ನುವ ಪದಾರ್ಥ ಅದಕ್ಕೆ ಕಾರಣ. ಬಿಯರ್ ಹುದುಗುವಾಗ ಅದು ಹೇಗೂ ಹುಟ್ಟುತ್ತದೆ, ಕೊನೆಯಲ್ಲಿ ಯೀಸ್ಟೇ ಅದನ್ನು ತಿಂದು ಮುಗಿಸಬೇಕು. ಲಾಗರ್ ಹತ್ತು ಡಿಗ್ರಿಯ ಆಸುಪಾಸು ನಿಧಾನಕ್ಕೆ ಹುದುಗುತ್ತದೆ. ಕೊನೆಗೆ ಎರಡು ಮೂರು ದಿನ ಬಿಸಿ ತುಸು ಏರಿಸಿ ಯೀಸ್ಟ್‌ಗೆ ಆ ಕೆಲಸ ಮುಗಿಸಲು ಬಿಡುತ್ತಾರೆ. ಅವಸರ ಮಾಡಿದರೆ ಬೆಣ್ಣೆ ಉಳಿಯುತ್ತದೆ. ಹುಬ್ಬಳ್ಳಿಯ ಗೆಳತಿಯೊಬ್ಬಳು ನನ್ನ ಜೊತೆ ಒಂದು ತರಬೇತಿಗೆ ಬಂದಿದ್ದಳು. ಒಂದೇ ಬಿಯರನ್ನು ನಾಲ್ಕು ಲೋಟಕ್ಕೆ ಹಾಕಿ ಮೂರರಲ್ಲಿ ಒಂದೊಂದು ದೋಷ ಬೆರೆಸಿ ಇಟ್ಟಿದ್ದರು. ಇವಳು ಬೆಣ್ಣೆಯ ಲೋಟಕ್ಕೇ ಎಲ್ಲಕ್ಕಿಂತ ಜಾಸ್ತಿ ಅಂಕ ಕೊಟ್ಟಳು. "ತುಪ್ಪದ ಘಮ ಬಂದರೆ ಕಡಿಮೆ ಹಾಕು ಅಂತಾರಲ್ಲ, ಇವರಿಗೆ ಏನಾಗೇದ" ಅಂತ ದಾರಿ ತುಂಬ ಬೈಯುತ್ತಿದ್ದಳು. ಖರೆ ಹೇಳಬೇಕೆಂದರೆ ಹೋಳಿಗೆ ತಿಂದು ಬೆಳೆದ ಮೂಗಿಗೆ ಇದು ಕಷ್ಟವೇ.

ಉಳಿದ ದೋಷಗಳು ಅಷ್ಟು ಮೋಸ ಮಾಡುವುದಿಲ್ಲ. ಬೇಯಿಸಿದ ಗೋವಿನಜೋಳದ ನೀರಿನ ವಾಸನೆ ಬಂದರೆ ಕುದಿಸುವಾಗ ಸಾಕಷ್ಟು ಜೋರಾಗಿ ಕುದಿಸಿಲ್ಲ. ಕಾಯಿ ಸೇಬಿನ ವಾಸನೆ ಬಂದರೆ ಬಿಯರ್ ಇನ್ನೂ ಎಳೆಯದು. ಒದ್ದೆ ರಟ್ಟಿನ ವಾಸನೆ ಅಂದರೆ ಗಾಳಿ ತಾಗಿದೆ, ಇಲ್ಲವೇ ಹಳೆಯದಾಗಿದೆ. ಬಿಸಿಲಿಗೆ ಇಟ್ಟರೆ ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಅಂಶ ಕೆಟ್ಟು ಒಂದು ಥರದ ನಾತ ಬರುತ್ತದೆ, ಕಂದು ಬಾಟಲಿ ಇರುವುದು ಅದಕ್ಕೇ. ವಾಸನೆ ಬಂತು ಅಂದರೆ ಬರೆ, ಬರದಿದ್ದರೆ ಹುಡುಕಿ ಹುಡುಕಿ ತರಬೇಡ.

ಬಣ್ಣವನ್ನು ಟ್ಯೂಬ್‌ಲೈಟಿನ ಕೆಳಗೆ ನೋಡಬೇಡ, ಕಿಟಕಿಯ ಕಡೆ ಹಿಡಿ. ತಿಳಿಯಾಗಿರಬೇಕು, ನೊರೆ ಸ್ವಲ್ಪ ಹೊತ್ತು ನಿಲ್ಲಬೇಕು. ಮೂರು ಅಂಕದ ಕೆಲಸ, ಮುಂದೆ ನಡೆ.

ರುಚಿಯಲ್ಲಿ ಒಂದೇ ವಿಷಯ ಹಿಡಿದುಕೋ. ಈ ಬಿಯರ್ ಬಾಯಿಗೆ ಹೋಗುವಾಗ ಸಿಹಿ ಅನಿಸಬೇಕು, ನುಂಗಿದ ಮೇಲೆ ಸಿಹಿ ಉಳಿಯಬಾರದು. ನನ್ನ ತೀರ್ಪೆಲ್ಲ ನಿಲ್ಲುವುದು ಅಲ್ಲಿಯೇ. ಬಾಯಿ ತುಂಬ ಒಂದು ಗುಟುಕು ತಗೋ, ನಾಲಿಗೆಯ ಮೇಲೆ ಒಂದು ಕ್ಷಣ ಆಡಿಸು, ನುಂಗು. ವೈನ್‌ನ ಹಾಗೆ ಉಗುಳಬೇಡ. ನುಂಗಿದ ಮೇಲೆ ಬರುವ ರುಚಿಯೇ ಇಲ್ಲಿ ಮುಖ್ಯ. ಆಮೇಲೆ ಸುಮ್ನೆ ಕಾಯಿ. ಹಾಪ್ಸ್‌ನ ಕಹಿ ಮೆಲ್ಲಗೆ ಬಂದು ಸಿಹಿಯನ್ನು ಹಿಡಿದು ನಿಲ್ಲಿಸಬೇಕು, ಮುಂದೆ ಬಂದು ಕುಣಿಯಬಾರದು. ಬಾಯಿ ಒಣಗಿದ ಹಾಗೆ ಆಗಿ, ಕೈ ತಾನೇ ಲೋಟದ ಕಡೆ ಹೋದರೆ ಆ ಬಿಯರ್ ಗೆದ್ದಿತು. ತುಟಿ ಅಂಟು ಅಂಟಾಗಿ ಬೆಲ್ಲದ ಪಾಕದ ನೆನಪು ಬಂದರೆ ಸೋತಿತು. ಸಣ್ಣ ಬ್ರೂವರಿಗಳು, ಅದರಲ್ಲೂ ಅಮೆರಿಕದ ರೀತಿ ನೋಡಿ ಕಲಿತವರು, ಎಡವುವುದು ಜಾಸ್ತಿ ಇಲ್ಲಿಯೇ. ಬಣ್ಣ ಬೇಗ ಬರಲಿ ಅಂತ, ಬಣ್ಣದ ಜೊತೆ ಸಿಹಿಯನ್ನೂ ಕೊಡುವ ಕ್ಯಾರಮಲ್ ಮಾಲ್ಟ್ ಸುರಿಯುತ್ತಾರೆ. ಮೊದಲ ಗುಟುಕು ಭಾಳ ಛಲೋ ಅನಿಸುತ್ತದೆ, ಅರ್ಧ ಲೋಟಕ್ಕೆ ಸಾಕು ಸಾಕಾಗುತ್ತದೆ. ಮೊದಲ ಗುಟುಕಿಗೆ ಅಂಕ ಹಾಕುವವರು ಇಂಥದ್ದಕ್ಕೇ ಬಹುಮಾನ ಕೊಟ್ಟು ಕೂರುತ್ತಾರೆ, ನನಗೆ ಅದು ಸೇರುವುದಿಲ್ಲ.

ಇದರಲ್ಲಿ ಆಲ್ಕೋಹಾಲ್ ಸುಮಾರು ಶೇಕಡ 5.6ರಿಂದ 6.3 ಇರುತ್ತದೆ. ಗಂಟಲಲ್ಲಿ ಬಿಸಿ ಗೊತ್ತಾಗಬಾರದು, ಗೊತ್ತಾದರೆ ಬರೆ. ಗ್ಯಾಸ್ ಸೋಡಾದ ಹಾಗೆ ಚುಚ್ಚಬಾರದು, ಮೆತ್ತಗೆ ಇರಬೇಕು.

ನೂರು ಮಿಲಿ ಸಾಕು, ಅದನ್ನೂ ಪೂರ್ತಿ ಕುಡಿಯಬೇಕೆಂದಿಲ್ಲ. ನಡುವೆ ನೀರು, ಬರೀ ಬ್ರೆಡ್. ಕೊನೆಗೆ ಎರಡು ಗುಟುಕು ಲೋಟದಲ್ಲೇ ಬಿಟ್ಟು ಹದಿನೈದು ನಿಮಿಷ ಬಿಟ್ಟು ಮತ್ತೆ ಮೂಸು. ಬಿಸಿಯೇರಿದ ಮೇಲೆ ಬಿಯರ್ ಏನನ್ನೂ ಮುಚ್ಚಿಡುವುದಿಲ್ಲ. ಆಗ ಅಂಕ ತಿದ್ದಬೇಕು ಅನಿಸಿದರೆ ತಿದ್ದು, ಯಾರೂ ಬೇಡ ಅನ್ನುವುದಿಲ್ಲ.

ಮೊದಲ ಬಿಯರ್‌ಗೇ 45 ಕೊಟ್ಟುಬಿಡಬೇಡ, ಅದಕ್ಕಿಂತ ಛಲೋದು ಬಂದರೆ ಎಲ್ಲಿಗೆ ಹೋಗುತ್ತೀಯ? ಆ ಹಾಳೆಯ ಲೆಕ್ಕದಲ್ಲಿ 30 ದಾಟಿದರೇ ತುಂಬಾ ಒಳ್ಳೆಯದು ಅಂತ ಅರ್ಥ, 45ರ ಮೇಲೆ ಅಂದರೆ ಅಪರೂಪದ್ದು. ಬಿಯರ್ ಮಾಡಿದ ಅಣ್ಣ ಎದುರಿಗೇ ಕೂತಿದ್ದಾನೆ ಅಂತ ಕೈ ಸಡಿಲ ಬಿಡಲೂಬೇಡ. ನಮ್ಮಲ್ಲಿ ಅತಿಥಿ ಅಡುಗೆಗೆ ಹೆಸರಿಡುವುದಿಲ್ಲ. ಅಲ್ಲಿ ಅವನು ಕರೆದಿರುವುದೇ ಹೆಸರಿಡಲಿ ಅಂತ. "ನುಂಗಿದ ಮೇಲೆ ಸಿಹಿ ಉಳಿಯುತ್ತದೆ, ಕ್ಯಾರಮಲ್ ಮಾಲ್ಟ್ ಕಡಿಮೆ ಮಾಡಿ ನೋಡಿ" ಅಂತ ಬರೆದರೆ ಅವನಿಗೆ ಮುಂದಿನ ವರ್ಷಕ್ಕೆ ಉಪಯೋಗ. "ಸೂಪರ್" ಅಂತ ಬರೆದರೆ ನಕ್ಕು ಮಡಚಿ ಇಡುತ್ತಾನೆ. ಮಾತು ಬೆಳೆಸಬೇಕು ಅನಿಸಿದರೆ, ಮಾಲ್ಟ್ ನೆನೆಸಿದ್ದರಲ್ಲಿ ಒಂದು ಪಾಲು ತೆಗೆದು ಬೇರೆಯಾಗಿ ಕುದಿಸಿ ಮತ್ತೆ ಸೇರಿಸಿದ್ದೀಯಾ ಅಂತ ಕೇಳು. ಅದು ಹಳೆಯ ಪದ್ಧತಿ, ಭಾಳ ಹೊತ್ತು ಹಿಡಿಯುತ್ತದೆ, ಮಾಡಿದವರಿಗೆ ಅದನ್ನು ಹೇಳಿಕೊಳ್ಳುವುದೆಂದರೆ ಪ್ರೀತಿ. ಅರ್ಧ ಗಂಟೆ ನೀನು ಮಾತಾಡುವ ಕೆಲಸ ಇರುವುದಿಲ್ಲ.

ಲೋಟ ತಾಗಿಸುವಾಗ ಎದುರಿನವರ ಕಣ್ಣು ನೋಡಿ "ಪ್ರೋಸ್ಟ್" ಅನ್ನು. ಕಣ್ಣು ತಪ್ಪಿಸಿದರೆ ಅವರಿಗೆ ಸೇರುವುದಿಲ್ಲ. ಸೈಕಲ್ ತಗೊಂಡು ಹೋಗಬೇಡ, ಕುಡಿದು ಸೈಕಲ್ ಹೊಡೆದರೂ ಅಲ್ಲಿ ಕೇಸ್ ಆಗಬಹುದು, ರೈಲಿನಲ್ಲಿ ಹೋಗಿ ಬಾ. ಉಳಿದ ಬಾಟಲಿ ಕೊಟ್ಟರೆ ಬೇಡ ಅನ್ನಬೇಡ. ಹಬ್ಬ ಮುಗಿಸಿ ಬಂದ ಮೇಲೆ ನಾನೂ ರುಚಿ ನೋಡಿ ನಿನ್ನ ಹಾಳೆಯ ಜೊತೆ ಹೋಲಿಸುತ್ತೇನೆ. ಅಲ್ಲಿಯವರೆಗೆ ಫ್ರಿಜ್‌ನಲ್ಲಿ ನಿಲ್ಲಿಸಿ ಇಡು, ಬಾಲ್ಕನಿಯಲ್ಲಿ ಇಡಬೇಡ.