ಬಿಸಿಲುಕೋಲಲ್ಲಿ ಕಂಡ ಧೂಮಕೇತು

ಓದುಗ ಮಿತ್ರರೇ,

ಒಡೆದ ಅಟ್ಲಾಸ್ ಧೂಮಕೇತುವಿನ ಚಿತ್ರದ ಕೆಳಗೆ 'ಮನೆಯಷ್ಟು ದೊಡ್ಡ 30 ತುಂಡುಗಳನ್ನು ಹಬಲ್ ಕಂಡಿತು' ಎಂದು ಬರೆದಿದ್ದೆವು. ಹಬಲ್ ಎಂದರೆ ಬಾಹ್ಯಾಕಾಶದಲ್ಲಿದ್ದು ಭೂಮಿಯನ್ನು ಸುತ್ತುವ ದೂರದರ್ಶಕ. 14 ಕೋಟಿ 60 ಲಕ್ಷ ಕಿಲೋಮೀಟರ್ ದೂರದಿಂದ ಮನೆ ಕಾಣುತ್ತಾ ಎಂದು ಕೇಳಿದ್ದೀರಿ. ಮೂರೇ ದಿನದಲ್ಲಿ 30 ಇದ್ದದ್ದು 25 ಆಯಿತಲ್ಲ, ಉಳಿದ ಐದು ಎಲ್ಲಿ ಹೋದವು ಎಂಬುದು ಇನ್ನೊಂದು ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ: ಕಾಣುವುದಿಲ್ಲ. ಎಡವಟ್ಟು ನಮ್ಮದೇ. ನಿಮ್ಮ ಕಾಗದ ಬಂದ ಮೇಲೆ ಕೂತು ಲೆಕ್ಕ ಹಾಕಿದೆ. ಹಬಲ್‌ನ ಕನ್ನಡಿ 2.4 ಮೀಟರ್ ಅಗಲದ್ದು. ಆದರೂ ಅಷ್ಟು ದೂರದಲ್ಲಿ ಅದರ ಕ್ಯಾಮೆರಾದ ಒಂದು ಪಿಕ್ಸೆಲ್‌ನೊಳಗೆ ಹೆಚ್ಚುಕಮ್ಮಿ 30 ಕಿಲೋಮೀಟರ್ ಅಗಲದ ಜಾಗ ಅಡಗಿಬಿಡುತ್ತದೆ. ಅದರಲ್ಲಿ ಮನೆ ಯಾವ ಮೂಲೆಗೆ!

ಹಾಗಾದರೆ ಕಂಡಿದ್ದೇನು? ಧೂಳು. ಕತ್ತಲೆ ಕೋಣೆಗೆ ಕಿಟಕಿ ಸಂದಿಯಿಂದ ಬಿಸಿಲುಕೋಲು ಬಿದ್ದಾಗ ಅದರಲ್ಲಿ ತೇಲುವ ಕಣ ಮಿನುಗುವುದನ್ನು ನೋಡಿದ್ದೀರಲ್ವಾ? ಆ ಕಣದ ಆಕಾರ ನಮಗೆ ತಿಳಿಯುವುದಿಲ್ಲ, ಹೊಳಪು ಮಾತ್ರ ಕಾಣುತ್ತದೆ. ಇಲ್ಲೂ ಅಷ್ಟೇ. ಒಡೆದ ಪ್ರತಿ ತುಂಡಿನ ಒಳಗಿನ ಹಿಮ ಬಿಸಿಲಿಗೆ ನೇರವಾಗಿ ಅನಿಲವಾಗಿ ಚಿಮ್ಮುತ್ತದೆ, ಜೊತೆಗೆ ಧೂಳನ್ನೂ ಎಬ್ಬಿಸುತ್ತದೆ. ಆ ಧೂಳಿನ ಮೋಡ ತುಂಡಿಗಿಂತ ಎಷ್ಟೋ ಪಟ್ಟು ದೊಡ್ಡದು. ಸೂರ್ಯನ ಬೆಳಕನ್ನು ನಮ್ಮ ಕಡೆ ಚೆಲ್ಲುವುದು ಮುಖ್ಯವಾಗಿ ಅದೇ. 'ಮನೆಯಷ್ಟು' ಎಂಬುದು ವಿಜ್ಞಾನಿಗಳ ಅಂದಾಜು, ಅಳೆದು ನೋಡಿದ್ದಲ್ಲ.

ಹಾಗಂತ ಹಬಲ್ ಮಾಡಿದ್ದು ಸಣ್ಣ ಕೆಲಸವೇನಲ್ಲ. ಈ ಧೂಮಕೇತು ಹವಾಯಿಯ ಅಟ್ಲಾಸ್ ದೂರದರ್ಶಕಕ್ಕೆ ಸಿಕ್ಕಿದ್ದು 2019ರ ಡಿಸೆಂಬರ್ 29ರಂದು. 2020ರ ಮಾರ್ಚ್ ನಡುವಿನವರೆಗೆ ಬೆಳಗುತ್ತಲೇ ಹೋಯಿತು. ಮೇ ತಿಂಗಳಲ್ಲಿ ಬರಿಗಣ್ಣಿಗೆ ಕಾಣಬಹುದೆಂದು ಎಲ್ಲರೂ ಕಾದಿದ್ದರು. ಅಷ್ಟರಲ್ಲಿ ಮಂಕಾಯಿತು. ಏಪ್ರಿಲ್ 11ರಂದು ಹವ್ಯಾಸಿಯೊಬ್ಬರ ಚಿತ್ರದಲ್ಲಿ ಸುಮಾರು ಮೂರು ತುಂಡು ಕಂಡವು. ಗಾಳಿಯ ಕದಲಾಟದ ಕಾಟವಿಲ್ಲದ ಹಬಲ್, 20ರಂದು ಅಲ್ಲಿ 30 ಚುಕ್ಕೆಗಳನ್ನು ಬಿಡಿಸಿ ತೋರಿಸಿತು.

ಇನ್ನು ಆ ಐದು. 23ರ ಚಿತ್ರದಲ್ಲಿ 25 ಚುಕ್ಕೆ ಇದ್ದವು ನಿಜ, ಆದರೆ ಮೂವತ್ತರಿಂದ ಐದನ್ನು ಕಳೆದು ಲೆಕ್ಕ ಮುಗಿಸುವ ಹಾಗಿಲ್ಲ. ಎರಡು ಚಿತ್ರ ಪಕ್ಕದಲ್ಲಿಟ್ಟರೆ ಯಾವ ಚುಕ್ಕೆ ಯಾವುದು ಎಂದು ಹೊಂದಿಸುವುದೇ ಕಷ್ಟ ಎಂದು ಹಬಲ್‌ನಿಂದ ಇದನ್ನು ನೋಡಿದ ಒಂದು ವಿಜ್ಞಾನಿಗಳ ತಂಡದ ಮುಖ್ಯಸ್ಥ ಡೇವಿಡ್ ಜುವಿಟ್ ಆಗಲೇ ಹೇಳಿದ್ದರು. ಅದೇ ತುಂಡುಗಳು ಒಮ್ಮೆ ಹೊಳೆದು ಒಮ್ಮೆ ಮಂಕಾಗುತ್ತಿರಬಹುದು. ಇಲ್ಲವೇ ಆ ದಿನ ಕಂಡವು ಬೇರೆಯೇ ತುಂಡುಗಳಿರಬಹುದು. ನನಗಂತೂ ಚಿತ್ರಕ್ಕಿಂತ ಈ ಗೊಂದಲವೇ ಜಾಸ್ತಿ ಇಷ್ಟವಾಯಿತು.

ಒಡೆದದ್ದು ಯಾಕೆ ಎಂಬುದನ್ನೂ ಕೊನೆಯಲ್ಲಿ ಕೇಳಿದ್ದೀರಿ. ಒಂದೇ ಪಕ್ಕದಿಂದ ಚಿಮ್ಮುವ ಅನಿಲ ಧೂಮಕೇತುವನ್ನು ಬುಗುರಿಯಂತೆ ತಿರುಗಿಸಿರಬೇಕು ಎಂಬುದು ಬಲವಾದ ಊಹೆ. ಸಡಿಲವಾಗಿ ಅಂಟಿಕೊಂಡ ಹಿಮ, ಧೂಳಿನ ಮುದ್ದೆ ಎಷ್ಟು ವೇಗ ತಡೆದೀತು?

ಆ ಸಾಲನ್ನು ಇನ್ನು ಹೀಗೆ ಓದಿಕೊಳ್ಳಿ: 'ಧೂಳಿನ 30 ಚುಕ್ಕೆಗಳು, ಒಂದೊಂದರೊಳಗೂ ಮನೆಯಷ್ಟು ದೊಡ್ಡ ತುಂಡು ಇರಬಹುದು.'

— ಸಂ.